ನಾಲ್ಕು ನಂದು, ನಾಲ್ಕು ನಿಂದು

ಅವರ ಎಡಗಾಲಿನ ಹಿಮ್ಮಡಿ ನೆಲ ಮುಟ್ಟಿದ್ದನ್ನು ಬಹಳ ವರ್ಷ ನಾನು ಕಂಡಿರಲೇ ಇಲ್ಲ. ಕೂತರೂ ಅಷ್ಟೇ, ನಿಂತರೂ ಅಷ್ಟೇ, ಆ ಹಿಮ್ಮಡಿ ನೆಲದಿಂದ ಒಂದಿಷ್ಟು ಮೇಲೆದ್ದು ಕುಣಿಯುತ್ತಲೇ ಇರುತ್ತಿತ್ತು. ಹೀಗಾಗಿ ಎಡಗಾಲಿನ ಬೂಟು ಮುಂಭಾಗದಲ್ಲಿ ಸವೆದು ತೂತು ಬಿದ್ದಿರುತ್ತಿತ್ತು. ಹಿಂಭಾಗ ಮಾತ್ರ ಈಗ ತಾನೇ ಅಂಗಡಿಯಿಂದ ತಂದ ಹಾಗೆ. ಯಶವಂತಪುರ ಸ್ಟೇಷನ್ನಿನ ಎದುರು ಕೂರುತ್ತಿದ್ದ ಚಪ್ಪಲಿ ಹೊಲಿಯುವವನು ಆ ಬೂಟನ್ನು ತಿರುಗಿಸಿ ತಿರುಗಿಸಿ ನೋಡಿ, “ಅಮ್ನೋರೆ, ನೀವು ಒಂದ್ ಕಾಲಲ್ಲಿ ನಡೀತೀರಾ, ಇನ್ನೊಂದ್ರಲ್ಲಿ ಓಡ್ತೀರಾ?” ಎಂದು ಕೇಳಿದ್ದನಂತೆ. ಇದನ್ನು ಅವರೇ ಹೇಳಿಕೊಂಡು ನಗುತ್ತಿದ್ದರು.

ಸ್ಟೇಷನ್ ರಸ್ತೆಯ ಸೈಕಲ್ ಶಾಪಿನ ಮಹಡಿಯ ಮೇಲೆ ಅವರ ಟೈಪಿಂಗ್ ಇನ್‌ಸ್ಟಿಟ್ಯೂಟ್ ಇತ್ತು. ಊರಿಗೆಲ್ಲ ಅವರು ಟೈಪಿಂಗ್ ಮಿಸ್ಸು, ನಮ್ಮಪ್ಪನಿಗೆ ಮಾತ್ರ ಮಿಸ್ಸಮ್ನೋರು. ಆಂಗ್ಲೋ ಇಂಡಿಯನ್ನರು. ತಂದೆ ರೈಲ್ವೆಯಲ್ಲಿ ಇಂಜಿನ್ ಡ್ರೈವರ್ ಆಗಿದ್ದವರು, ತಾಯಿ ಬಾಣಂತನದಲ್ಲೇ ತೀರಿಕೊಂಡವರು. ಎತ್ತಿ ಆಡಿಸಿ ಬೆಳೆಸಿದವಳು ಮತ್ತಿಕೆರೆಯ ಒಬ್ಬ ಆಯಾ. ಹಾಗಾಗಿ ಮೈಮೇಲೆ ಹೂವಿನ ಫ್ರಾಕು, ಕತ್ತರಿಸಿದ ಕೂದಲು, ತುಟಿಗೆ ಬಣ್ಣ. ಬಾಯಿ ಬಿಟ್ಟರೆ ಮಾತ್ರ ನಮ್ಮವ್ವನ ಕನ್ನಡ. ಹಕಾರ ಅವರ ನಾಲಿಗೆಯ ಹತ್ತಿರ ಸುಳಿಯುತ್ತಿರಲಿಲ್ಲ. ಮೊದಲ ದಿನ, “ಏ ಚೈಲ್ಡ್, ಯಾಕಂಗೆ ನೋಡ್ತಾ ನಿಂತಿದ್ದೀಯ, ಒಳೀಕ್ ಬಾ” ಎಂದು ಕರೆದಾಗ ನಾನು ಹಿಂದೆ ತಿರುಗಿ ನೋಡಿದೆ, ಮಾತಾಡಿದವರು ಬೇರೆ ಯಾರೋ ಇರಬೇಕು ಎಂದು.

ಐವತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ ಅದು. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಮನೆಯಲ್ಲಿ ಕೂತಿದ್ದೆ. ಕೂತಿದ್ದೆ ಅನ್ನುವುದು ಮಾತಿಗೆ ಅಷ್ಟೇ. ನನ್ನಂಥವಳನ್ನು ಕೂರಿಸುವುದು ಯಾರಿಂದಾದೀತು? ಬೆಳಗಿನಿಂದ ಸಂಜೆಯವರೆಗೆ ಹಿತ್ತಿಲಿಗೊಮ್ಮೆ, ಬೀದಿಗೊಮ್ಮೆ, ಕೈಯಲ್ಲಿ ಹಿಡಿದ ಕೆಲಸ ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ. “ನಿನ್ ಕಾಲ್ಗೇನ್ ಚಕ್ರ ಕಟ್ಟವ್ರೇನೇ?” ಎಂದು ಅವ್ವ ಗದರುತ್ತಿದ್ದಳು. ಮತ್ತಿಕೆರೆಯಲ್ಲಿ ನಮ್ಮದು ತರಕಾರಿ ಬೆಳೆಯುವ ಮನೆ. ಅಪ್ಪ ರಾಮಮಂದಿರದ ಭಜನೆಯಲ್ಲಿ ಮುಂದಾಳು. ಜಾಲಹಳ್ಳಿ ಕಡೆಯ ಕಾರ್ಖಾನೆಯಲ್ಲಿ ಟೈಪಿಂಗ್ ಬರುವ ಹೆಣ್ಣುಮಕ್ಕಳನ್ನು ಕೆಲಸಕ್ಕೆ ತಗೋತಾರೆ ಎಂದು ಯಾರೋ ಅಪ್ಪನ ಕಿವಿಗೆ ಹಾಕಿದರು. ಮಾರನೆಯ ದಿನವೇ ನನ್ನನ್ನು ಆ ಮಹಡಿ ಹತ್ತಿಸಿದರು.

ಮಹಡಿಯ ಮೇಲೆ ಸಾಲಾಗಿ ಟೈಪ್‌ರೈಟರುಗಳು, ಮುಂದೆ ಎದೆ ಸೆಟೆಸಿಕೊಂಡು ಕೂತ ಗಂಡಸರು. ಮಿಸ್ಸು ಅಕ್ಷರ ಹೇಳಿಕೊಡುತ್ತಿರಲಿಲ್ಲ. ಅಕ್ಷರ ಗೋಡೆಯ ಮೇಲೆ ಬರೆದಿತ್ತಲ್ಲ, ನೋಡಿಕೊಳ್ಳಿ ಅನ್ನುತ್ತಿದ್ದರು. ಅವರು ಹೇಳಿಕೊಡುತ್ತಿದ್ದದ್ದು ಓಟವನ್ನು. ಸಾಲುಗಳ ನಡುವೆ ಅತ್ತಿಂದಿತ್ತ ನಡೆಯುತ್ತಾ, “ಡೂ ಬ ಡೂ ಬ, ಶೂ ಬಿ ಡೂ ಬ” ಎಂದು ಶುರುಮಾಡುವರು. ನಮ್ಮ ಬೆರಳು ಆ ಸದ್ದಿನ ಹಿಂದೆ ಹೋಗಬೇಕು. ಸಾಲು ಮುಗಿಯುವ ಹೊತ್ತಿಗೆ ಯಂತ್ರದ ಗಂಟೆ ಟಿಣ್ ಅನ್ನುತ್ತದೆಯಲ್ಲ, ಸರಿಯಾಗಿ ಆ ಕ್ಷಣಕ್ಕೆ ಅವರ ಬಾಯಿಂದ “ವಾಪ್!” ಎಂದು ಬೀಳುವುದು, ನಾವೆಲ್ಲ ಒಟ್ಟಿಗೆ ಕಾಗದ ಹೊತ್ತ ಕ್ಯಾರೇಜನ್ನು ಮತ್ತೆ ಸಾಲಿನ ಶುರುವಿಗೆ ತಳ್ಳುವುದು. ತಾಲ್ಲೂಕು ಕಚೇರಿಗೆ ಸೇರಬೇಕೆಂದಿದ್ದ ಒಬ್ಬ ಮಹಾಶಯ, “ಮಿಸ್, ಪರೀಕ್ಷೇಲಿ ಇದೆಲ್ಲ ಬರುತ್ತಾ?” ಎಂದು ಕೊಂಕು ತೆಗೆದ. “ಪರೀಕ್ಷೆಗೆ ನೀನ್ ಬಾರಯ್ಯ ಸಾಕು, ಅದು ತಾನಾಗ್ ಬತ್ತದೆ” ಎಂದರು ಮಿಸ್ಸು, ನಡಿಗೆ ನಿಲ್ಲಿಸದೆ.

ನನ್ನ ಬೆರಳಂತೂ ದಾಯಾದಿಗಳು. ಒಂದು ಮುಂದೆ ಓಡಿದರೆ ಇನ್ನೊಂದು ಮುನಿಸಿಕೊಂಡು ಹಿಂದೆ. ಮಿಸ್ಸು ನನ್ನ ಬೆನ್ನ ಹಿಂದೆ ನಿಂತು ಸ್ವಲ್ಪ ಹೊತ್ತು ಕೇಳಿದರು. ಬೈಯುತ್ತಾರೆ ಎಂದು ಹೆಗಲು ಕುಗ್ಗಿಸಿಕೊಂಡೆ. ಅವರು ಬೈಯಲಿಲ್ಲ. ನನ್ನ ಆ ಅಡ್ಡಾದಿಡ್ಡಿ ಸದ್ದನ್ನೇ ಹಿಡಿದು, ಅದರ ಮೇಲೆ ಬಾಯಲ್ಲಿ ಏನೋ ಒಂದು ಹೆಣೆದರು. ನನ್ನ ತಪ್ಪೆಲ್ಲ ಬೇಕೆಂದೇ ಮಾಡಿದ ಹಾಗೆ ಕೇಳಿಸಿತು! ನನಗೆ ಮೈ ಜುಮ್ಮೆಂದಿತು. ಕ್ಲಾಸು ಮುಗಿದು ಎಲ್ಲರೂ ಇಳಿದು ಹೋದ ಮೇಲೆ ಹೋಗಿ ಕೇಳಿದೆ.

“ಮಿಸ್, ನೀವು ಆಡೋದು ಯಾವ ಭಾಷೆ?”

“ಯಾವ್ದೂ ಅಲ್ಲ, ಚೈಲ್ಡ್. ಇದಕ್ಕೆ ಸ್ಕ್ಯಾಟ್ ಅಂತಾರೆ. ಜಾಝ್‌ನಲ್ಲಿ ಆಡೋದು. ಮಾತಿರಲ್ಲ, ಬರೀ ಬಾಯಿ. ನಿಂತ ನಿಲುವಲ್ಲೇ ಉಟ್ಟಿಸ್ಕೋಬೇಕು.”

“ಮೊದಲೇ ಯಾರೂ ಹೇಳಿಕೊಟ್ಟಿರಲ್ವಾ?”

“ರಾಗದ ದಾರಿ ಮೊದ್ಲೇ ಇರ್ತದೆ. ಪಿಯಾನೋ ಆ ದಾರೀಲಿ ಓಗ್ತಾ ಇರ್ತದೆ. ನಾನು ಪಕ್ಕದ ಒಲಕ್ಕೆ ಇಳೀತೀನಿ, ಬದು ಅತ್ತೀನಿ, ಮತ್ತೆ ದಾರಿಗ್ ಬತ್ತೀನಿ. ನಿನ್ನೆ ಇಳಿದ್ ಕಡೆ ಇವತ್ತು ಇಳಿಯಂಗಿಲ್ಲ. ಅಷ್ಟೇಯ.”

ಇದು ಹೇಗೆ ಶುರುವಾಯಿತು ಎಂದು ಕೇಳಿದ್ದಕ್ಕೆ ಒಂದು ಕಥೆ ಹೇಳಿದರು. ಯಾವ ದೇಶದಲ್ಲೋ ಒಬ್ಬ ಹಾಡುಗಾರನ ಕೈಯಿಂದ ಹಾಡಿನ ಹಾಳೆ ಜಾರಿ ಬಿತ್ತಂತೆ, ನಿಲ್ಲಿಸುವ ಹಾಗಿಲ್ಲ, ಬಾಯಿಗೆ ಬಂದದ್ದನ್ನು ಹಾಡಿದನಂತೆ. “ಜನ ಅಂಗಂತಾರೆ. ನಾನ್ ನಂಬಾಕಿಲ್ಲ. ನಿಮ್ಮವ್ವ ಕೂಸು ತೂಗುವಾಗ ಲೊಳಲೊಳ ಲಾಯಿ ಅಂತಾಳಲ್ಲ, ಅವಳ ಕೈಯಿಂದ ಯಾವ ಆಳೆ ಬಿದ್ದಿತ್ತು?” ಎಂದು ಕೇಳಿ, ಅರ್ಧ ಕುಡಿದ ಟೀ ಲೋಟವನ್ನು ಕಿಟಕಿಯ ಮೇಲಿಟ್ಟು ಎದ್ದುಬಿಟ್ಟರು.

ಅವರು ಒಂದು ಲೋಟ ಟೀ ಪೂರ್ತಿ ಕುಡಿದದ್ದನ್ನು ಕಂಡವರಿಲ್ಲ. ಇನ್‌ಸ್ಟಿಟ್ಯೂಟಿನ ಕಿಟಕಿ, ಬಾಗಿಲ ಸಂದು, ಮೆಟ್ಟಿಲು, ಎಲ್ಲಿ ನೋಡಿದರೂ ಅರ್ಧ ಟೀ. ಬಸ್ಸಿನಲ್ಲಿ ಹೋದರೆ ಹೆಬ್ಬಾಳ ಬರುವಷ್ಟರಲ್ಲಿ ಸೀಟು ಬದಲಿಸಿ ಬದಲಿಸಿ ಕಂಡಕ್ಟರನಿಂದ ಬೈಸಿಕೊಳ್ಳುತ್ತಿದ್ದರು. ಕೈಗಡಿಯಾರದ ಪಟ್ಟಿಗೆ ಕರ್ಚೀಫು ಸಿಕ್ಕಿಸಿಕೊಂಡು, ಬಾಯಲ್ಲಿ ಜೇಷ್ಠಮಧುವಿನ ಕಡ್ಡಿ ಕಚ್ಚಿಕೊಂಡು, ಯಾವಾಗಲೂ ಯಾರೋ ಅಟ್ಟಿಸಿಕೊಂಡು ಬರುತ್ತಿರುವ ಹಾಗೆ ನಡೆಯುವರು. ನನಗೆ ಅವರು ಹಿಡಿಸಿಬಿಟ್ಟರು. ನನ್ನ ಹಾಗೆ ಕೂರಲಾರದ ಇನ್ನೊಂದು ಹೆಣ್ಣು ಜೀವ ಲೋಕದಲ್ಲಿದೆ, ಅದಕ್ಕೆ ಯಾರೂ ಬೈಯುವುದಿಲ್ಲ, ಮೇಲಾಗಿ ಅದೇ ಅವರ ವಿದ್ಯೆ! ಹೊಟ್ಟೆಕಿಚ್ಚೂ ಆಯಿತು, ಸಂತೋಷವೂ ಆಯಿತು.

ಭಾನುವಾರ ಮಧ್ಯಾಹ್ನ ಅವರು ಹಾಡುತ್ತಿದ್ದದ್ದು ಸ್ಟೇಷನ್ನಿನ ಆಚೆ, ರೈಲ್ವೆ ಮನೆಗಳ ಪಕ್ಕದ ಒಂದು ಹೆಂಚಿನ ಹಾಲಿನಲ್ಲಿ. ಪಿಯಾನೋಗೆ ಒಬ್ಬ ರಿಟೈರಾದ ಗಾರ್ಡು, ಡ್ರಮ್ಮಿಗೆ ಒಬ್ಬ, ಆಳೆತ್ತರದ ಪಿಟೀಲಿನಂಥದ್ದನ್ನು ತಬ್ಬಿಕೊಂಡು ಮೀಟುವವನು ಒಬ್ಬ. ಇವರ ಜೊತೆಗೆ ತುತ್ತೂರಿ ಊದುವವನೂ ಒಬ್ಬನಿದ್ದನಂತೆ. ನಾನು ಸೇರುವ ಹೊತ್ತಿಗೆ ಅವನು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಆಸ್ಟ್ರೇಲಿಯಾಕ್ಕೆ ಹೊರಟುಹೋಗಿದ್ದ. ಆಗ ಹಾಗೇ, ಆ ಮನೆಗಳಿಂದ ಒಂದೊಂದೇ ಸಂಸಾರ ಹಡಗು ಹತ್ತುತ್ತಿತ್ತು. ಮಿಸ್ಸು ಮಾತ್ರ ಹೋಗಲಿಲ್ಲ. ಕೇಳಿದರೆ, “ಅಲ್ಲೋಗಿ ಯಾರತ್ರ ಕನ್ನಡ ಆಡ್ಲಿ?” ಅನ್ನುವರು.

ಆ ತುತ್ತೂರಿಯವನೂ ಇವರೂ ಒಂದು ಆಟ ಆಡುತ್ತಿದ್ದರಂತೆ. ನಾಲ್ಕು ಎಣಿಕೆಗೆ ಒಂದು ಸುತ್ತು. ಅಂಥ ನಾಲ್ಕು ಸುತ್ತು ಇವರು ಬಾಯಲ್ಲಿ ಹಾಡುವುದು, ಮುಂದಿನ ನಾಲ್ಕು ಸುತ್ತಿನಲ್ಲಿ ಅವನು ತುತ್ತೂರಿಯಲ್ಲಿ ಉತ್ತರ ಕೊಡುವುದು. ಜಾಝ್‌ನವರೆಲ್ಲ ಆಡುವ ಆಟವಂತೆ ಅದು. ಮಿಸ್ಸು ಅದಕ್ಕೆ “ನಾಲ್ಕು ನಂದು, ನಾಲ್ಕು ನಿಂದು” ಅನ್ನುತ್ತಿದ್ದರು. ಅವನು ಹೋದ ಮೇಲೆ ಇವರು ತಮ್ಮ ನಾಲ್ಕು ಹಾಡಿ ನಿಲ್ಲುವರು, ಉತ್ತರ ಕೊಡುವವರಿಲ್ಲ, ಪಾಪ ಪಿಯಾನೋದ ಗಾರ್ಡು ಏನೋ ಒಂದು ತುಂಬಿಸಿ ದಡ ಸೇರಿಸುವನು. ಒಂದು ದಿನ ನಾನು ಬಾಯಿ ತಡೆಯಲಾರದೆ ಕೇಳಿದೆ, “ಮಿಸ್, ನಿಮಗೂ ಅವರಿಗೂ ಏನಾದ್ರೂ ಇತ್ತಾ?”

“ಇತ್ತು. ನಾಲ್ಕು ಅವ್ನದು, ನಾಲ್ಕು ನಂದು ಇತ್ತು” ಎಂದರು.

ಅದೇ ಕಾಲಕ್ಕೆ ಅವರು ಕೊರಳಿಗೆ ಸ್ಕಾರ್ಫು ಕಟ್ಟತೊಡಗಿದ್ದರು. ಬೇಸಿಗೆಯಲ್ಲೂ ಬಿಚ್ಚುತ್ತಿರಲಿಲ್ಲ. ಒಂದು ಮಧ್ಯಾಹ್ನ ಮುಖ ತೊಳೆಯುವಾಗ ನೋಡಿಬಿಟ್ಟೆ, ಗಂಟಲ ಪಕ್ಕದಲ್ಲಿ ನೆಲ್ಲಿಕಾಯಿ ಗಾತ್ರದ ಗಂಟು. ಕೇಳಿದ್ದಕ್ಕೆ ಮುಚ್ಚುಮರೆ ಮಾಡಲಿಲ್ಲ. ಡಾಕ್ಟರು ಬೇಗ ಕುಯ್ದು ತೆಗೆಸಿಕೊಳ್ಳಿ, ಬಿಟ್ಟರೆ ಜೀವಕ್ಕೇ ಬರುತ್ತದೆ ಎಂದಿದ್ದಾರೆ. ಆದರೆ ದನಿಯ ನರ ಅದಕ್ಕೇ ಅಂಟಿಕೊಂಡಿದೆ, ದನಿ ಉಳಿಯುತ್ತದೆ ಎಂದು ಹೇಳಲಾಗದು ಎಂದೂ ಹೇಳಿದ್ದಾರೆ.

“ಮತ್ತೆ ಯಾವಾಗ ಹೋಗ್ತೀರ?”

“ಓಗ್ತೀನಿ. ಕೊನೇದಾಗಿ ಒಂದ್ಸಲ ಯಾರಾದ್ರೂ ನಂಗೆ ಸರಿಯಾಗ್ ಉತ್ರ ಕೊಡ್ಲಿ, ಮಾರ್ನೇ ದಿನ ಓಗ್ತೀನಿ. ಅರ್ಧ ಆಡಿರೋ ಮಾತು ಇಟ್ಕೊಂಡು ಕತ್ತು ಕೊಡಕ್ಕಾಗಲ್ಲ ಕಣೇ.”

ನನಗೆ ಸಿಟ್ಟು ನೆತ್ತಿಗೇರಿತು. ಇದೆಂಥ ಹಟ? ಹಾಡಿಗೋಸ್ಕರ ಯಾರಾದರೂ ಪ್ರಾಣ ಪಣಕ್ಕಿಡುತ್ತಾರೆಯೇ? ಮನೆಗೆ ಬಂದು ಪಾತ್ರೆ ಕುಕ್ಕಿದೆ. ಅವ್ವ ಎಲ್ಲ ಕೇಳಿಸಿಕೊಂಡು ಸೊಪ್ಪು ಬಿಡಿಸುತ್ತಾ, “ಅದ್ಕೇನಂತೆ, ನೀನೇ ಕೊಡೇ ಉತ್ರಾನ. ನಂಗ್ ದಿನಾ ಕೊಡ್ತೀಯಲ್ಲ, ಎದುರುತ್ತರ! ಅದ್ರಾಗ್ ಒಸಿ ಆ ತಾಯಿಗೂ ಕೊಡು” ಎಂದಳು. ಅವ್ವ ಗೇಲಿ ಮಾಡಿದ್ದು. ನಾನು ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡೆ. ಭಜನೆಯಲ್ಲಿ ಚಿಕ್ಕಂದಿನಿಂದ ಕೂಗಿ ಕೂಗಿ ಗಂಟಲು ಪಳಗಿತ್ತು. ಮಾರನೆಯ ದಿನ ಹೋಗಿ, “ಮಿಸ್, ನಾನು ಹಾಡ್ತೀನಿ, ಕಲಿಸಿ” ಎಂದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, “ಕಲ್ಸಾದಲ್ಲ ಅದು. ಆದ್ರೂ ಬಾ” ಎಂದರು.

ಮಹಡಿಯ ಮೇಲೆ ಗಂಟಲು ಬಿಚ್ಚಿ ಹಾಡಿದರೆ ಸೈಕಲ್ ಶಾಪಿನವನು ಜಗಳಕ್ಕೆ ಮೆಟ್ಟಿಲು ಹತ್ತಿ ಬರುತ್ತಿದ್ದ. ಹಾಗಾಗಿ ಸಂಜೆ ಸ್ಟೇಷನ್ನಿನ ಮೇಲ್ಸೇತುವೆಗೆ ಹೋಗುತ್ತಿದ್ದೆವು. ಕೆಳಗೆ ಗೂಡ್ಸ್ ಗಾಡಿ ಶಂಟಿಂಗ್ ಮಾಡುತ್ತಿದ್ದರೆ ಯಾರು ಏನು ಕೂಗಿದರೂ ಕೇಳುವವರಿಲ್ಲ. ಮುಖಕ್ಕೆ ಹೊಗೆ ಹೊಡೆಯುತ್ತಿತ್ತು, ಕಣ್ಣಿಗೆ ಕಲ್ಲಿದ್ದಲ ಕಸ ಬೀಳುತ್ತಿತ್ತು. ಕಂಬಿ ಹಿಡಿದು ನಿಂತು ಮಿಸ್ಸು ಹಾಡಿದರು, “ಶೂ ಬ ಡೀ ಡ್ಲಿ ಯಾ, ಡಾ ಬ ಡೂ.” ನನ್ನ ಕಡೆ ಕೈ ತೋರಿಸಿದರು. ನಾನು ಎದೆ ತುಂಬ ಉಸಿರು ತೆಗೆದು, “ಶೂ ಬ ಡೀ ಡ್ಲಿ ಯಾ, ಡಾ ಬ ಡೂ” ಎಂದೆ, ಒಂದು ಕೂದಲೆಳೆಯೂ ಆಚೀಚೆ ಆಗದ ಹಾಗೆ. ಶಭಾಷ್ ಅನ್ನುತ್ತಾರೆ ಎಂದು ಮುಖ ನೋಡಿದೆ.

ಅವರು ಇನ್ನೊಂದು ಹಾಡಿದರು. ನಾನು ಅದನ್ನೂ ಹಾಗೇ ಒಪ್ಪಿಸಿದೆ. ಮತ್ತೊಂದು ಹಾಡಿದರು, ಇನ್ನೂ ಕಷ್ಟದ್ದು, ಬಿಡುತ್ತೇನೆಯೇ? ಅದನ್ನೂ ಒಪ್ಪಿಸಿದೆ. ಅಪ್ಪನ ಭಜನೆಯಲ್ಲಿ ಬೆಳೆದವಳು ನಾನು. ಮುಂದಾಳು ಒಂದು ಸಾಲು ಹೇಳಿದರೆ ಹಿಂದೆ ಕೂತವರು ಅದೇ ಸಾಲನ್ನು ಹಾಗೇ ತಿರುಗಿ ಹೇಳಬೇಕು. ಒಂದು ಎಳೆತ ಹೆಚ್ಚಾದರೂ ಅಪ್ಪನ ತಾಳ ಮೊಣಕಾಲಿಗೆ ಬೀಳುತ್ತಿತ್ತು. ಉತ್ತರ ಕೊಡುವುದು ಅಂದರೆ ಅದೇ ಎಂದು ನನ್ನ ರಕ್ತದಲ್ಲೇ ಕೂತಿತ್ತು.

ಮಿಸ್ಸು ಜೇಷ್ಠಮಧುವಿನ ಕಡ್ಡಿಯನ್ನು ಹಳಿಯ ಮೇಲೆ ಎಸೆದರು. “ನನ್ ಬಟ್ಟೆ ನಂಗೇ ಮಡಚಿ ಕೊಡ್ತೀಯೇನೇ? ಊಟ ಆಯ್ತಾ ಅಂತ ಕೇಳಿದ್ರೆ ಊಟ ಆಯ್ತಾ ಅಂತೀಯಾ? ಆಯ್ತು ಅನ್ನು, ಇಲ್ಲ ಅನ್ನು, ನಿಂಗ್ಯಾಕೆ ಓಗು ಅನ್ನು! ನಿಂದು ಯೋಳು!”

“ನಂದು ಅಂತ ಏನಿದೆ ಮಿಸ್? ನೀವು ಹೇಳಿಕೊಟ್ರೆ ತಾನೇ?”

“ನಾನ್ ಯೋಳ್ಕೊಟ್ರೆ ಅದು ನಂದಾಗ್ತದೆ ಕಣೇ, ಮಂಕೇ!”

ನಾನೂ ಕಡಿಮೆಯವಳಲ್ಲ, ದಡದಡ ಮೆಟ್ಟಿಲಿಳಿದು ಮನೆಗೆ ಬಂದೆ. ಅಪ್ಪನ ಹತ್ತಿರ ನ್ಯಾಯ ಕೇಳಿದೆ. ಅಪ್ಪ ಬಹಳ ಗಂಭೀರವಾಗಿ, “ನೀನ್ ಮಾಡಿದ್ದೇ ಸರಿ ಮಗಾ. ಯೋಳಿದ್ದನ್ನ ಅಂಗೇ ಯೋಳ್ಬೇಕು. ಒಬ್ಬೊಬ್ರು ಒಂದೊಂದ್ ಯೋಳಿದ್ರೆ ದೇವ್ರು ಯಾರ ಅರ್ಜಿ ಅಂತ ತಗೊಂಡಾನು?” ಎಂದರು. ನನಗೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಆ ರಾತ್ರಿಯೆಲ್ಲ ಮಗ್ಗುಲು ಬದಲಿಸಿದ್ದೇ ಬಂತು. ನಂದು ಅಂತ ಏನಿದೆ? ಉಡುವ ಸೀರೆ ಅವ್ವನದು, ಹಾಡುವ ಪದ ಅಪ್ಪನದು, ಕಲಿಯುವ ಟೈಪಿಂಗು ಕಾರ್ಖಾನೆಯದು. ಹೀಗೆ ಯೋಚಿಸುತ್ತಾ ಯೋಚಿಸುತ್ತಾ ನನ್ನ ಮೇಲೇ ನನಗೆ ಅಸಹ್ಯವಾಯಿತು.

ಮತ್ತೆ ಹೋದೆ. ಹೋಗದೆ ಇರಲಾಗುತ್ತದೆಯೇ? ಸ್ಕಾರ್ಫಿನ ಕೆಳಗಿನ ಗಂಟು ದೊಡ್ಡದಾಗುತ್ತಿತ್ತು. ಸೇತುವೆಯ ಮೇಲೆ ನಿಂತು ಅವರು ಹಾಡುವರು, ನಾನು ಬಾಯಿ ತೆರೆಯುವೆ, ನನ್ನ ಬಾಯಿಂದ ಅವರದೇ ಹೊರಗೆ ಬರುವುದು. ತಡೆದುಕೊಂಡರೆ ಏನೂ ಬರದು. ಮಿಸ್ಸು ಕೊನೆಕೊನೆಗೆ ಬೈಯುವುದನ್ನೂ ಬಿಟ್ಟರು. ಅದು ನನಗೆ ಬೈಗುಳಕ್ಕಿಂತ ನೋವಾಯಿತು. “ಬರೋ ಭಾನುವಾರ ಆಲ್‌ಗೆ ಬಾ. ಆದಂಗಾಗ್ಲಿ” ಎಂದರು.

ಅಪ್ಪ ತಾವೂ ಬರುತ್ತೇನೆ ಎಂದು ಹೊರಟರು. ಹೆಣ್ಣುಮಗಳು ಗೊತ್ತಿಲ್ಲದ ಜಾಗಕ್ಕೆ ಹಾಡಲು ಹೋಗುತ್ತಿದ್ದಾಳೆ, ಬಿಡುತ್ತಾರೆಯೇ? ಒಗೆದ ಪಂಚೆ, ರುಮಾಲು, ಚೀಲದಲ್ಲಿ ತಾಳ. “ತಾಳ ಯಾಕಪ್ಪಾ?” ಅಂದರೆ, “ಇರ್ಲಿ ಬಿಡು ಮಗಾ, ಅವ್ರತ್ರ ಇಲ್ದೆ ಓದ್ರೆ?” ಎಂದರು. ಫ್ರಾಕು ಸೂಟುಗಳ ನಡುವೆ ಹಿಂದಿನ ಬೆಂಚಿನಲ್ಲಿ ನೆಟ್ಟಗೆ ಕೂತರು.

ಮಿಸ್ಸು ಅವತ್ತು ಕೆಂಪು ಫ್ರಾಕು ಹಾಕಿಕೊಂಡಿದ್ದರು, ಅದಕ್ಕೊಪ್ಪುವ ಸ್ಕಾರ್ಫು. ಮೊದಲು ಮಾತಿರುವ ಹಾಡು ಹಾಡಿದರು, ಆಮೇಲೆ ಮಾತು ಬಿಟ್ಟರು. ಹಾಲಿನಲ್ಲಿ ಕೂತವರ ಕಾಲೆಲ್ಲ ಕುಣಿಯತೊಡಗಿತು. ದನಿ ಅಲ್ಲಲ್ಲಿ ಒಡೆಯುತ್ತಿತ್ತು. ಒಡೆದ ಕಡೆಯೇ ಅವರು ಇನ್ನೊಂದು ತಿರುವು ತೆಗೆದುಕೊಳ್ಳುತ್ತಿದ್ದರು. ಅವರ ಗಂಟಲು ಅವರನ್ನು ಬಿಟ್ಟುಹೋಗುತ್ತಿದೆ ಎಂದು ಅಲ್ಲಿ ನನಗೂ ನನ್ನಿಂದ ಕೇಳಿದ್ದ ಅಪ್ಪನಿಗೂ ಮಾತ್ರ ಗೊತ್ತಿತ್ತು. ಅವರು ಕೈ ಚಾಚಿ ನನ್ನನ್ನು ಮುಂದಕ್ಕೆ ಎಳೆದುಕೊಂಡರು.

ನಾಲ್ಕು ಸುತ್ತು ಹಾಡಿದರು. ನಾನು ಬಾಯಿ ತೆರೆದೆ. ಅದನ್ನೇ ತಿರುಗಿ ಹಾಡಿದೆ. ಜನ ನಕ್ಕು ಚಪ್ಪಾಳೆ ಹೊಡೆದರು, ಏನೋ ತಮಾಷೆ ಎಂದುಕೊಂಡರು. ಮಿಸ್ಸು ಇನ್ನೊಂದು ನಾಲ್ಕು ಹಾಡಿದರು. ಅಯ್ಯೋ ದೇವರೇ, ಅದನ್ನೂ ಹಾಗೇ ಒಪ್ಪಿಸಿದೆ. ಅವರ ಮುಖ ಇಳಿದುಹೋಯಿತು. ಆ ಮುಖವನ್ನು ನಾನು ಸಾಯುವವರೆಗೂ ಮರೆಯಲಾರೆ. ಇವತ್ತು ಉತ್ತರ ಸಿಗದಿದ್ದರೆ ಇವರು ಆಸ್ಪತ್ರೆಗೆ ಹೋಗುವುದಿಲ್ಲ, ಈ ಗಂಟನ್ನು ಕಟ್ಟಿಕೊಂಡೇ ಸಾಯುತ್ತಾರೆ, ಅದಕ್ಕೆ ನಾನೇ ಕಾರಣ ಎಂದು ನನ್ನ ತಲೆಯಲ್ಲಿ ಗುಡುಗಿದ ಹಾಗಾಯಿತು.

ಮೂರನೆಯ ಸಲ ಅವರ ಸರದಿ ಬಂತು. ಮಿಸ್ಸು ಹಾಡಲಿಲ್ಲ. ತುಟಿ ಮುಚ್ಚಿಕೊಂಡು ನನ್ನನ್ನೇ ನೋಡುತ್ತಾ ನಿಂತರು. ಪಿಯಾನೋದ ಗಾರ್ಡು ತುಂಬಿಸಲು ಕೈ ಎತ್ತಿದ, ಬೇಡ ಎಂದು ಅವನಿಗೆ ಬೆರಳು ತೋರಿಸಿದರು. ಡ್ರಮ್ಮೂ ದೊಡ್ಡ ಪಿಟೀಲೂ ನಿಂತವು. ಹಾಲಿನಲ್ಲಿ ಸದ್ದೆಂದರೆ ಅವರ ಎಡಗಾಲಿನದು ಒಂದೇ. ನಾಲ್ಕು ಸುತ್ತು ಬರೀ ಕಾಲು. ನಾನು ಒಪ್ಪಿಸಲಿಕ್ಕೆ ಏನನ್ನೂ ಕೊಡದೆ, ಬರಿಗೈಯಲ್ಲಿ ನನ್ನನ್ನು ದಾರಿಯ ಮೇಲೆ ನಿಲ್ಲಿಸಿದರು.

ಸರದಿ ನನ್ನದಾಯಿತು. ಬಾಯಿ ತೆರೆದೆ. ಏನು ಬಂತು ಹೇಳಿ? “ಬಾ ಬ್ಬಬ್ಬ ಬಾ, ಕೊಕ್ಕೊಕ್ಕೊ ಬಾ”! ಹಿತ್ತಿಲಲ್ಲಿ ಅವ್ವ ಕೋಳಿ ಕರೆಯುವ ಸದ್ದು! ನಾಚಿಕೆಯಾಗುವಷ್ಟರಲ್ಲಿ ಅದು ಓಡಿಯೂ ಆಗಿತ್ತು. ಅದರ ಹಿಂದೆಯೇ ನನ್ನ ದಾಯಾದಿ ಬೆರಳುಗಳು ಬಂದವು, “ಟಿಕಿ ಟಕ್ ಟಿಟ್ಟಿಕಿ, ಟಕ್ ಟಿ ಟಿಕಿ ಟಕ್,” ಎಡವುತ್ತಾ, ಏಳುತ್ತಾ. ನಾಲ್ಕನೆಯ ಸುತ್ತು ಮುಗಿಯುವ ಜಾಗಕ್ಕೆ ಸರಿಯಾಗಿ “ಟಿಣ್!” ಎಂದೆ.

ಮಿಸ್ಸು ತಲೆ ಹಿಂದಕ್ಕೆ ಎಸೆದು ನಕ್ಕರು. ನಗುತ್ತಲೇ ನನ್ನ ಆ “ಟಿಣ್” ಅನ್ನು ಕಿತ್ತುಕೊಂಡು, ಅದನ್ನು ಎಳೆದು, ಮುರಿದು, ಎಲ್ಲೆಲ್ಲಿಗೋ ಒಯ್ದು ತಮ್ಮ ನಾಲ್ಕು ಮುಗಿಸಿದರು. ನಾನು ಜಗಳಕ್ಕೆ ನಿಂತವಳ ಹಾಗೆ ಅದಕ್ಕೆ ಎದುರು ಕೊಟ್ಟೆ. ಎಷ್ಟು ಹೊತ್ತು ಆಡಿದೆವೋ ಗೊತ್ತಿಲ್ಲ. ಆ ಸಂತೋಷವನ್ನು ಹೇಳಲು ನನಗೆ ಬರುವುದಿಲ್ಲ. ಮದುವೆಯಲ್ಲೂ, ಮಗು ಹುಟ್ಟಿದಾಗಲೂ ಅಂಥದ್ದು ಆಗಲಿಲ್ಲ, ಬೇಕಾದರೆ ಬೈದುಕೊಳ್ಳಿ.

ಹಿಂದಿನ ಬೆಂಚಿನಲ್ಲಿ ಅಪ್ಪ ತಾಳ ತೆಗೆದೇಬಿಟ್ಟಿದ್ದರು. ಹಾಲಿನ ಜನವೆಲ್ಲ ಎರಡನೆಯ ಎಣಿಕೆಗೆ, ನಾಲ್ಕನೆಯ ಎಣಿಕೆಗೆ ಚಪ್ಪಾಳೆ ಹಾಕುತ್ತಿದ್ದರೆ, ಅಪ್ಪ ಒಬ್ಬರೇ ಮೊದಲನೆಯದಕ್ಕೆ ಖಣ್ ಎಂದು ಹೊಡೆಯುತ್ತಿದ್ದರು. ಹೊರಗೆ ಬಂದ ಮೇಲೆ ಬಹಳ ಮರುಕದಿಂದ, “ಪಾಪ, ಅಷ್ಟ್ ಜನ ಅವ್ರೆ, ಒಬ್ರಿಗೂ ತಾಳ ಇಡಿಯಕ್ ಬರಾಕಿಲ್ವಲ್ಲ ಮಗಾ” ಎಂದರು. ಆಮೇಲೆ ಮಿಸ್ಸಿನ ಕಡೆ ತಿರುಗಿ ಕೈಮುಗಿದು, “ಮಿಸ್ಸಮ್ನೋರೇ, ಆಡಿದ್ದು ಸಾಕು. ಇನ್ ಆಸ್ಪತ್ರೆಗ್ ನಡೀರಿ, ನಾನೇ ಬತ್ತೀನಿ ಜೊತೇಲಿ” ಎಂದರು. “ನಾಳೇನೇ ಓಗಾಣ” ಎಂದರು ಮಿಸ್ಸು. ಹಾಗೇ ಹೋದರು.

ಜೀವ ಉಳಿಯಿತು, ದನಿ ಹೋಯಿತು. ಬ್ಯಾಂಡೇಜು ಬಿಚ್ಚಿದ ದಿನ ಅವರು ನನ್ನ ಕಿವಿಯ ಹತ್ತಿರ ಬಾಯಿ ತಂದು ಏನೋ ಹೇಳಿದರು. ಬರೀ ಗಾಳಿ. ನಾನು ಆಸ್ಪತ್ರೆಯ ವರಾಂಡಕ್ಕೆ ಹೋಗಿ ಕಂಬಕ್ಕೆ ತಲೆ ಒರಗಿಸಿ ಅತ್ತೆ, ಡಾಕ್ಟರನ್ನೂ ದೇವರನ್ನೂ ಸೇರಿಸಿ ಬೈದೆ. ವಾಪಸು ಬಂದರೆ ಮಿಸ್ಸು ಆಗಲೇ ಎದ್ದು ಕೂತು, ಒಂದು ಲೋಟ ಟೀ ಅರ್ಧ ಕುಡಿದು, ಬೂಟು ಎಲ್ಲಿ ಎಂದು ಕೈಸನ್ನೆಯಲ್ಲಿ ಕೇಳುತ್ತಿದ್ದರು.

ಇನ್‌ಸ್ಟಿಟ್ಯೂಟು ಮುಚ್ಚಲಿಲ್ಲ. ಬಾಯಿಯ ಬದಲು ಪೆನ್ಸಿಲ್ಲಿನಿಂದ ಮೇಜು ಬಡಿದು ಕಲಿಸತೊಡಗಿದರು. ನಾನು ಪರೀಕ್ಷೆ ಪಾಸು ಮಾಡಿ ಕಾರ್ಖಾನೆ ಸೇರಿದೆ. ಮದುವೆಯಾದರೂ ಮತ್ತಿಕೆರೆಯಲ್ಲೇ ಉಳಿದೆ. ಶನಿವಾರ ಕೆಲಸ ಬಿಟ್ಟವಳು ನೇರ ಮಹಡಿ ಹತ್ತುತ್ತಿದ್ದೆ. ಹೇಗಿದ್ದೀಯ ಎಂದು ಅವರು ಕೇಳುತ್ತಿರಲಿಲ್ಲ. ಮೇಜಿನ ಮೇಲೆ ಬೆರಳಿನಲ್ಲಿ ನಾಲ್ಕು ಸುತ್ತು ಬಡಿದು ನನ್ನ ಮುಖ ನೋಡುವರು. ನಾನು ಬಾಯಲ್ಲಿ ನಾಲ್ಕು ಸುತ್ತು ಉತ್ತರ ಕೊಡುವೆ. ವಾರದ ಸುದ್ದಿಯೆಲ್ಲ ಅದರಲ್ಲೇ ಮುಗಿಯುತ್ತಿತ್ತು. ಅತ್ತೆಯ ಜೊತೆ ಜಗಳವಾಗಿದ್ದರೆ ಅದೂ ಗೊತ್ತಾಗಿಬಿಡುತ್ತಿತ್ತು. ಹಿಂದಿನ ವಾರದ್ದನ್ನು ನಾನು ಅಪ್ಪಿತಪ್ಪಿ ಮತ್ತೆ ಹಾಡಿದರೆ, ಪೆನ್ಸಿಲ್ಲಿನಿಂದ ನನ್ನ ಕೈಗೆ ಒಂದು ಬಿಡುವರು. ಆ ಬರೀ ಗಾಳಿಯ ದನಿಯಲ್ಲಿ, “ನಿನ್ನೇದು ನಿನ್ನೇಗೇ ಬಿಡು, ಚೈಲ್ಡ್” ಅನ್ನುವರು.

ಅರವತ್ತರ ದಶಕದ ಕೊನೆಯಲ್ಲಿ ಗಂಟು ಮತ್ತೆ ಕಾಣಿಸಿತು. ಈ ಸಲ ಡಾಕ್ಟರು ಕುಯ್ಯುವ ಮಾತೇ ಎತ್ತಲಿಲ್ಲ. ಕೊನೆಯ ಸಲ ಆಸ್ಪತ್ರೆಗೆ ಹೋದದ್ದು ಒಂದು ಮಧ್ಯಾಹ್ನ. ಮೈ ಅರ್ಧಕ್ಕರ್ಧ ಆಗಿಹೋಗಿತ್ತು. ನನ್ನನ್ನು ಕಂಡು ಮಂಚದ ಕಂಬಿಯ ಮೇಲೆ ಬೆರಳಿಟ್ಟು ನಾಲ್ಕು ಸುತ್ತು ಬಡಿದರು. ಮೆಲ್ಲಗೆ, ಆದರೆ ಒಂದು ಎಣಿಕೆಯೂ ತಪ್ಪದೆ. ನಾನು ಅವರ ತಲೆಯ ಹತ್ತಿರ ಬಗ್ಗಿ ನನ್ನ ನಾಲ್ಕು ಹಾಡಿದೆ. ಗಂಟಲು ಕಟ್ಟಿ ಬರುತ್ತಿತ್ತು. ಕಟ್ಟಿದ ಕಡೆಯೇ ತಿರುವು ತೆಗೆದುಕೊಂಡೆ, ಅವರಿಂದಲೇ ಕಲಿತದ್ದು. ಪಕ್ಕದ ಮಂಚದ ಹೆಂಗಸು, “ಏನ್ ಹಾಡಮ್ಮ ಅದು, ಅರ್ಥಾನೇ ಆಗ್ಲಿಲ್ಲ” ಎಂದಳು. ಮಿಸ್ಸಿನ ತುಟಿ ನಕ್ಕಿತು.

ಸರದಿ ಅವರದಾಯಿತು. ಬೆರಳು ಏಳಲಿಲ್ಲ. ಕಣ್ಣು ಮುಚ್ಚಿದ್ದರು. ಹಾಲಿನಲ್ಲಿ ಮಾಡಿದ ಹಾಗೆ ಬೇಕೆಂದೇ ಖಾಲಿ ಬಿಡುತ್ತಿದ್ದಾರೆ ಎಂದುಕೊಂಡು ಕಾದೆ. ಆಮೇಲೆ ಹೊದಿಕೆಯ ಆಚೆ ನೋಡಿದೆ. ಎಡಗಾಲಿನ ಹಿಮ್ಮಡಿ ಹಾಸಿಗೆಯ ಮೇಲೆ ಊರಿಕೊಂಡು ಸುಮ್ಮನೆ ಮಲಗಿತ್ತು. ನಿದ್ದೆ ಬಂದಿದೆ ಎಂದರು ನರ್ಸು. ಎಬ್ಬಿಸದೆ ಬಂದೆ. ಆ ನಿದ್ದೆಯಿಂದ ಅವರು ಏಳಲಿಲ್ಲ.

ಹೂಳುವ ದಿನ ರೈಲ್ವೆ ಮನೆಗಳಲ್ಲಿ ಉಳಿದಿದ್ದ ನಾಲ್ಕು ಜನ, ನಾವು, ಟೈಪಿಂಗ್ ಕಲಿತವರು ಒಂದಿಷ್ಟು ಮಂದಿ. ಪಾದ್ರಿಗಳು ಒಂದು ಸಾಲು ಹೇಳಿದರು, ಎಲ್ಲರೂ ಅದನ್ನೇ ತಿರುಗಿ ಹೇಳಿದರು. ಅಪ್ಪ ಹಿಂದೆ ನಿಂತು ತುಟಿಯಲ್ಲೇ ತಿರುಗಿ ಹೇಳುತ್ತಿದ್ದರು. ನಾನು ಮಾತ್ರ ಬಾಯಿ ತೆರೆಯಲಿಲ್ಲ. ನನ್ನ ನಾಲ್ಕು ನಾನು ಆಸ್ಪತ್ರೆಯಲ್ಲೇ ಮುಗಿಸಿದ್ದೆ.

ಈಗ ನನಗೆ ವಯಸ್ಸಾಗಿದೆ. ಕೂರಲು ಮಾತ್ರ ಇನ್ನೂ ಬರುವುದಿಲ್ಲ. ಅಡುಗೆಮನೆಯಲ್ಲಿ ಅತ್ತಿಂದಿತ್ತ ಓಡಾಡುತ್ತಾ ಬಾಯಲ್ಲಿ ಏನೋ ಹೆಣೆಯುತ್ತಿರುತ್ತೇನೆ. ನಾಲ್ಕು ಸುತ್ತು ಹಾಡುತ್ತೇನೆ, ನಿಲ್ಲಿಸುತ್ತೇನೆ. ಮೊನ್ನೆ ಮೊಮ್ಮಗಳು ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. “ಯಾಕಜ್ಜಿ ಅರ್ಧಕ್ಕೇ ನಿಲ್ಲಿಸ್ಬಿಟ್ಟೆ? ಮುಂದಕ್ಕೆ ಹಾಡು” ಎಂದಳು.

“ಸುಮ್ನಿರೇ, ನಾನ್ ನಿಲ್ಲಿಸಿಲ್ಲ” ಎಂದೆ. “ನಂದು ಮುಗೀತು. ಇದು ಅವ್ರದು.”